ಪೇರಲ ಗಿಡಕ್ಕೆ ಬಂದ ಬೀಗರು

ಬೈಲಹೊಂಗಲದ ಮನೆಯಲ್ಲಿ ಅವ್ವನ ಕಪಾಟಿನ ಬಾಗಿಲು ತೆರೆದರೆ ಮೊದಲು ಬರುವುದು ಡಾಂಬರ ಗುಳಿಗೆಯ ವಾಸನೆ. ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಇಡುವ ಆ ಬಿಳಿ ಗುಳಿಗೆ ಬೇರೆಯವರಿಗೆ ಮದುವೆ ಮನೆಯನ್ನೋ ಅಜ್ಜಿಯ ಪೆಟ್ಟಿಗೆಯನ್ನೋ ನೆನಪಿಸಬಹುದು. ನನಗೆ ಕಾಣುವುದು ಒಂದು ಪೇರಲ ಗಿಡ, ಒಂದು ಬೇಲಿ, ಬೇಲಿಯಾಚೆ ಬಲೆ ಎತ್ತಿ ನಿಂತ ನಮ್ಮ ಸರ್. ಇಷ್ಟು ನಿಚ್ಚಳ. ಇದರ ಹಿಂದು ಮುಂದಿನದನ್ನು ಬಹಳ ಸಲ ಬಹಳ ಜನರಿಗೆ ಹೇಳಿದ್ದೇನೆ. ಹೇಳಿದಷ್ಟೂ ಕತೆ ನುಣುಪಾಗುತ್ತಾ ಬಂದಿದೆ. ನುಣುಪಾದದ್ದನ್ನು ನಾನು ನಂಬುವುದಿಲ್ಲ. ಆದ್ದರಿಂದ ಈ ಸಲ ಗೊತ್ತಿದ್ದದ್ದನ್ನು ಗೊತ್ತಿದ್ದಷ್ಟೇ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆಯುತ್ತೇನೆ.

ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲ. ನಾನು ಕೀಟಶಾಸ್ತ್ರ ಓದಿ ಮುಗಿಸಿ, ನಮ್ಮ ಪ್ರಾಧ್ಯಾಪಕರಾದ ಇನಾಮದಾರ ಸರ್ ಅವರ ಕೈಕೆಳಗೆ ಸಹಾಯಕಿಯಾಗಿ ಸೇರಿದ್ದೆ. ಬೆಟ್ಟದ ಕಾಡುಗಳಲ್ಲಿ ಹುಳು ಹಿಡಿದು, ಸೂಜಿ ಚುಚ್ಚಿ, ಒಣಗಿಸಿ, ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿ ಇಡುವುದು ಕೆಲಸ. ಒಂದು ಜೀಪು ಕೊಟ್ಟಿದ್ದರು. ಅದನ್ನು ಓಡಿಸುತ್ತಿದ್ದವನು ಮುನವಳ್ಳಿಯ ಈರಣ್ಣ. ಹುಳುಗಳೆಂದರೆ ಅವನಿಗೆ ಹೇಸಿಗೆ, ನಮ್ಮನ್ನು ಕಂಡರೆ ಕನಿಕರ.

ಸರ್ ರಾಮದುರ್ಗದವರು. ಹಾಗಾಗಿ ತಿರುಗಾಟ ಅಲ್ಲಿಂದಲೇ ಶುರುವಾಯಿತು. ಜೂನ್ ಬಂದರೂ ಆ ಕಡೆ ಮಳೆ ಇರಲಿಲ್ಲ, ಬರೀ ಗಾಳಿ. ಕೆಂಪು ಕಲ್ಲಿನ ಗುಡ್ಡದ ಮೇಲೆ ಬಲೆ ಬೀಸಿದರೆ ಬಲೆಯೇ ನಮ್ಮನ್ನು ಎಳೆದುಕೊಂಡು ಹೋಗುತ್ತಿತ್ತು. ಅದಕ್ಕೆ ಸರ್ ಕೊಡೆಯ ಕೆಲಸ ಕಲಿಸಿದರು. ದೊಡ್ಡ ಕರಿ ಕೊಡೆಯನ್ನು ಬಿಚ್ಚಿ, ತಲೆಕೆಳಗು ಮಾಡಿ ಕಂಟಿಯ ಕೆಳಗೆ ಹಿಡಿಯುವುದು, ಮೇಲಿನಿಂದ ಕೋಲಿನಲ್ಲಿ ಬಡಿಯುವುದು. ಉದುರಿದ ಹುಳುಗಳೆಲ್ಲ ಕೊಡೆಯೊಳಗೆ. ಸುರೇಬಾನದ ಹತ್ತಿರ ಬಸ್ಸಿಗೆ ಕಾಯುತ್ತ ಕುಂತ ಮಂದಿ ಇದನ್ನು ಬಹಳ ಹೊತ್ತು ನೋಡಿದರು. ಕೊನೆಗೊಬ್ಬ ಹಿರಿಯರು ಎದ್ದು ಬಂದು, "ಯಾಕ್ರಿ ಮಾಸ್ತರ, ನಿಮಗ ಮಳಿ ಕೆಳಗಿಂದ ಬರತೈತೇನ್ರಿ?" ಎಂದು ಕೇಳಿದರು. ಸರ್ ಗಂಭೀರವಾಗಿ, ಈ ಸೀಮೆಯಲ್ಲಿ ಮೇಲಿನಿಂದಂತೂ ಬರುವ ಲಕ್ಷಣ ಕಾಣಲಿಲ್ಲ, ಅದಕ್ಕೇ ಕೆಳಗಡೆ ಹಿಡಿದು ನೋಡುತ್ತಿದ್ದೇನೆ ಎಂದರು. ಈರಣ್ಣ ಆ ಮಾತನ್ನು ಸವದತ್ತಿ ತಲುಪುವವರೆಗೆ ನೆನೆಸಿ ನೆನೆಸಿ ನಕ್ಕ.

ಸವದತ್ತಿಯ ಗುಡ್ಡಗಳಲ್ಲಿ ಕೆಲವು ದಿನ. ಅಲ್ಲಿ ಮೊದಲ ಮಳೆ ಸಿಕ್ಕಿತು, ಜಾಲಿ ಕಂಟಿಗಳು ಒಮ್ಮೆಲೇ ಹಸಿರಾದವು. ಅಲ್ಲಿಂದ ಬೈಲಹೊಂಗಲ ದಾಟಿ ಕಿತ್ತೂರಿನ ಪಶ್ಚಿಮಕ್ಕೆ. ಅಲ್ಲಿಗೆ ಹೋದಂತೆ ಎರೆಹೊಲ ಮುಗಿದು ಭತ್ತದ ಗದ್ದೆ ಬರುತ್ತದೆ, ಗುಡ್ಡಗಳ ಮೇಲೆ ಸಾಗವಾನಿ, ಮತ್ತಿ, ಬಿದಿರು ಶುರುವಾಗುತ್ತವೆ. ಸರ್ ತಮ್ಮ ತಿರುಗಾಟವನ್ನೆಲ್ಲ ಆ ಕಾಡಿಗೆ ತಲುಪಲಿಕ್ಕೆಂದೇ ಹೊಂದಿಸಿದ್ದರು ಎಂಬುದು ನನಗೆ ತಿಳಿದದ್ದು ಅಲ್ಲಿ ಹೋದ ಮೇಲೆ.

ಅವರಿಗೆ ಬೇಕಾಗಿದ್ದದ್ದು ಒಂದೇ ಹುಳು. ಚೀಲದ ಹುಳು. ಸಣ್ಣ ಸಣ್ಣ ಕಡ್ಡಿಗಳನ್ನು ಕತ್ತರಿಸಿ, ತನ್ನ ನೂಲಿನಿಂದ ಹೊಂದಿಸಿ ಕಟ್ಟಿಕೊಂಡ ಚೀಲದಲ್ಲಿ ಬದುಕುವ ಪತಂಗ. ನೋಡಿದವರಿಗೆ ಕಂಟಿಗೆ ಜೋತುಬಿದ್ದ ಪುಟ್ಟ ಕಟ್ಟಿಗೆ ಹೊರೆಯಂತೆ ಕಾಣುತ್ತದೆ. ಇದರಲ್ಲಿ ಹೆಣ್ಣಿಗೆ ರೆಕ್ಕೆಯೇ ಇಲ್ಲ. ಬೆಳೆದ ಮೇಲೂ ಚೀಲ ಬಿಟ್ಟು ಹೊರಗೆ ಬರುವುದಿಲ್ಲ, ಒಳಗೇ ತತ್ತಿ ಇಟ್ಟು ಒಳಗೇ ಸಾಯುತ್ತದೆ. ಗಂಡಿಗೆ ರೆಕ್ಕೆ ಉಂಟು, ಬಾಯಿ ಇಲ್ಲ. ಒಂದೆರಡು ದಿನದ ಆಯುಷ್ಯದಲ್ಲಿ ಹೆಣ್ಣಿನ ವಾಸನೆ ಹಿಡಿದು ಹಾರಿ ಬರುತ್ತದೆ. ಆ ವಾಸನೆ ನಮ್ಮ ಮೂಗಿಗೆ ತಿಳಿಯುವುದಿಲ್ಲ.

ಕಿತ್ತೂರಿನ ಈ ಕಾಡಿನಲ್ಲಿ ಸರ್ ಹಿಂದೊಮ್ಮೆ ಕಂಡ ಚೀಲಗಳಲ್ಲಿ ಕಡ್ಡಿಗಳು ನೆಟ್ಟಗಿರದೆ ಸುತ್ತಿಕೊಂಡು ಏರುತ್ತಿದ್ದವು. ಅಂಥದ್ದನ್ನು ಅವರು ಬೇರೆಲ್ಲೂ ನೋಡಿರಲಿಲ್ಲ. ಇದು ಹೊಸ ಜಾತಿ ಎಂದು ಒಂದು ಸಭೆಯಲ್ಲಿ ಹೇಳಿದಾಗ, ಗಂಡು ಎಲ್ಲಿ ಎಂದು ಯಾರೋ ಕೇಳಿದರಂತೆ. ಗಂಡಿನ ರೆಕ್ಕೆಯ ಗೆರೆಗಳನ್ನು ನೋಡದೆ ಜಾತಿ ಹೇಳುವಂತಿಲ್ಲ.  ಬರುವ ದೀಪಾವಳಿಗೆ ಅವರ ನಿವೃತ್ತಿ. ಆಮೇಲೆ ಜೀಪಿಲ್ಲ, ಸಹಾಯಕರಿಲ್ಲ. ಆ ಮಳೆಗಾಲದಲ್ಲಿ ಗಂಡು ಸಿಗಬೇಕು, ಇಲ್ಲವಾದರೆ ಇಲ್ಲ.

ಕಾಡಿನ ಅಂಚಿನ ಒಂದು ಹಳ್ಳಿಯಲ್ಲಿ ಗಂಗವ್ವ ಎಂಬವರ ಪಡಸಾಲೆಯಲ್ಲಿ ಇಳಿದುಕೊಂಡೆವು. ಐವತ್ತರ ಆಸುಪಾಸಿನ ಹೆಂಗಸು. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆಯ ಆಡಳಿತವೆಲ್ಲ ಅವರದು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಗೆ ಬಂದು, ನಮ್ಮ ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡಿ, ಕೊನೆಗೆ ವಾಸನೆಯ ಔಷಧಿ ಹಾಕಿದ ಗಾಜಿನ ಬಾಟಲಿಯನ್ನು ತೋರಿಸಿ ಇದೇನು ಎಂದು ಕೇಳಿದರು. ಹುಳುಗಳನ್ನು ನೋವಿಲ್ಲದೆ ಕೊಲ್ಲುವ ಬಾಟಲಿ ಎಂದು ಸರ್ ಇದ್ದದ್ದನ್ನು ಹೇಳಿದರು. ಗಂಗವ್ವ ಸಿಟ್ಟಾಗಲಿಲ್ಲ. ಇರುವುದಾದರೆ ಇರಿ, ಆದರೆ ಬೇಲಿಯೊಳಗೆ ಒಂದು ಜೀವವನ್ನೂ ಕೊಲ್ಲಬಾರದು ಎಂದರು. ಸರ್ ಒಪ್ಪಿದರು. ಅಂದಿನಿಂದ ಆ ಬಾಟಲಿ ಜೀಪಿನಲ್ಲಿ, ಜೀಪು ಬೇಲಿಯ ಹೊರಗೆ ಹುಣಸೆ ಮರದ ಕೆಳಗೆ. ಈರಣ್ಣ ಅದಕ್ಕೆ ಯಮನ ಬಾಟ್ಲಿ ಎಂದು ಹೆಸರಿಟ್ಟ. ನಾನು ಕುಂತ ಸೀಟಿನ ಕೆಳಗೆ ಯಮ ಇದ್ದಾನೆ, ಬ್ರೇಕ್ ಹಾಕಲಿಕ್ಕೂ ಅಂಜಿಕೆ ಎನ್ನುತ್ತಿದ್ದ.

ದಿನವೂ ಕಾಡಿಗೆ ಹೋಗುತ್ತಿದ್ದೆವು. ನೆಲ್ಲಿ ಗಿಡಗಳಲ್ಲಿ, ಕವಳಿ ಕಂಟಿಗಳಲ್ಲಿ ಹುಡುಕುವುದು. ಸರ್ ಕಾಲಲ್ಲಿ ಮೊಣಕಾಲಿನವರೆಗಿನ ಬೂಟು. ಮುಳ್ಳು, ಉಂಬಳ, ಹಾವು. ಕೆಲಸದ ಹೊತ್ತಿನಲ್ಲಿ ಬೂಟು ಬಿಚ್ಚಬಾರದು ಎಂಬುದು ಅವರ ಮೊದಲ ಪಾಠ. ಗಂಗವ್ವನ ಅಂಗಳದಲ್ಲೂ ಪಡಸಾಲೆಯ ಮೆಟ್ಟಿಲವರೆಗೆ ಬೂಟಿನಲ್ಲೇ ಬಂದು, ಮೆಟ್ಟಿಲ ಮೇಲೆ ಕೂತು ಬಿಚ್ಚುತ್ತಿದ್ದರು. ಒಂದು ಮಧ್ಯಾಹ್ನ, ಬಿದಿರು ಮೆಳೆಯ ಪಕ್ಕದ ನೆಲ್ಲಿಯಲ್ಲಿ, ಸುತ್ತಿಕೊಂಡು ಏರುವ ಕಡ್ಡಿಗಳ ಚೀಲಗಳು ಸಿಕ್ಕವು. ಬಹಳಷ್ಟು ಒಣಗಿದ್ದವು. ಒಂದು ಮಾತ್ರ ಭಾರವಾಗಿತ್ತು. ಒಳಗೆ ಹೆಣ್ಣು ಇತ್ತು.

ಮನೆಗೆ ತಂದಾಗ ಗಂಗವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಹಿಂದಿನ ಜನ್ಮದಲ್ಲಿ ಕಟ್ಟಿಗೆ ಕದ್ದವರು ಹೀಗೆ ಹೊರೆ ಹೊತ್ತುಕೊಂಡು ಹುಟ್ಟುತ್ತಾರೆ ಎಂದು ಅವರ ಅಜ್ಜಿ ಹೇಳುತ್ತಿದ್ದರಂತೆ. ಹೆಣ್ಣು ಚೀಲ ಬಿಟ್ಟು ಬರುವುದೇ ಇಲ್ಲ, ಗಂಡೇ ಹುಡುಕಿಕೊಂಡು ಬರಬೇಕು ಎಂದು ನಾನು ಹೇಳಿದಾಗ ಅವರಿಗೆ ಬಹಳ ಹಿಡಿಸಿತು. "ಹೊಸ್ತಲಾ ದಾಟದ ಮದುಮಗಳು ಅನ್ನು. ನಮ್ಮನ್ನೆಲ್ಲಾ ಚಕ್ಕಡ್ಯಾಗ ಹಾಕ್ಕೊಂಡು ಬಂದಿದ್ರು. ಈಕಿದs ಚಲೋ ಐತಿ," ಎಂದರು. ಆಮೇಲೆ ದಿನಕ್ಕೊಮ್ಮೆಯಾದರೂ ಮದುಮಗಳಿಗೆ ವರ ಬಂದನೇ ಎಂದು ಕೇಳುವುದು ರೂಢಿಯಾಯಿತು.

ವರ ಬರಲಿಲ್ಲ. ಸೊಳ್ಳೆಪರದೆಯ ಬಟ್ಟೆಯಿಂದ ಮಾಡಿದ ಪಂಜರದೊಳಗೆ ಚೀಲ ತೂಗುಹಾಕಿ, ಪಂಜರವನ್ನು ಕಾಡಿನ ಮರಕ್ಕೆ ಕಟ್ಟಿ, ಬೆಳಗಿನಿಂದ ಸಂಜೆಯವರೆಗೆ ಕಾಯುತ್ತಿದ್ದೆವು. ಮಳೆ ಬಂದರೆ ಕೊಡೆ ಪಂಜರಕ್ಕೆ, ನಾವು ಮರದ ಕೆಳಗೆ. ಚಿಟ್ಟೆ, ದುಂಬಿ, ನೊಣ, ಕಣಜ ಎಲ್ಲ ಬಂದು ಹೋದವು. ಮರುದಿನ ಬೇರೆ ಮರ. ಸರ್ ಮಾತು ಕಡಿಮೆಯಾಗುತ್ತಾ ಬಂತು. ಹೆಣ್ಣಿಗೂ ಕೆಲವೇ ದಿನ. ಜೀಪು ಹಿಂತಿರುಗುವ ದಿನವೂ ಗೊತ್ತಾಗಿತ್ತು: ನಾಗರ ಪಂಚಮಿಯ ಮರುದಿನ.

ಈ ಕಾಯುವಿಕೆಯ ದಿನಗಳು ಎಷ್ಟು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಒಂದು ವಾರ ಎಂದು ಹೇಳುತ್ತಾ ಬಂದಿದ್ದೇನೆ. ಒಂದೇ ದಿನ ಹಲವು ಸಲ ನಡೆದಂತೆ ಉಳಿದಿದೆ.

ಪಂಚಮಿಯ ಹಿಂದಿನ ದಿನ ನಮ್ಮ ಕಡೆ ರೊಟ್ಟಿ ಹಬ್ಬ. ಮನೆಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ ಬಡಿದು ಪೇರಿಸಿ, ನಾಲ್ಕಾರು ಪಲ್ಯದ ಜೊತೆ ಮನೆಯಿಂದ ಮನೆಗೆ ಹಂಚುತ್ತಾರೆ. ಅದಕ್ಕೂ ಮೊದಲು ಮನೆಯಲ್ಲಿ ಇದ್ದಬದ್ದದ್ದನ್ನೆಲ್ಲ ತೊಳೆಯಬೇಕು. ಆ ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಗಂಗವ್ವನ ಸೊಸೆ ನಮ್ಮ ಪಂಜರದ ಬಟ್ಟೆಯನ್ನು ಬಿಚ್ಚಿ, ಸಬಕಾರ ಹಚ್ಚಿ ಒಗೆದು ಬೇಲಿಯ ಮೇಲೆ ಹರವಿದ್ದಳು. ಚೀಲ ಕಾಣಲಿಲ್ಲ. ನಾನು ಗಾಬರಿಯಾಗಿ ಓಡಿದೆ. ಗಂಗವ್ವ ಅದನ್ನು ಅಂಗಳದ ಮೂಲೆಯ ಪೇರಲ ಗಿಡದ ಟೊಂಗೆಗೆ ಹಸಿರು ದಾರದಿಂದ ಕಟ್ಟಿದ್ದರು.

"ಏನ್ ಗಬ್ಬ ವಾಸನಿ ನಿಮ್ಮ ಅರಿವಿ! ಆ ಡಾಂಬರ ಗುಳಿಗಿ ನಾತಕ್ಕ ನಮ್ಮ ದೇವರ ಸೈತ ಜಗಲಿ ಬಿಟ್ಟ ಓಡ್ಯಾವು," ಎಂದು ಗಂಗವ್ವ ಒಳಗಿನಿಂದಲೇ ಬೈದರು. "ಹಬ್ಬದ ದಿನ ಆ ಮದುಮಗಳಾರs ಒಂದಿಷ್ಟು ಗಾಳ್ಯಾಗ ಇರಲಿ."

ಸರ್ ಮೆಟ್ಟಿಲ ಮೇಲೆ ಒಂದು ಬೂಟು ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಕೂತಿದ್ದರು.  ನಮ್ಮ ಪಂಜರ ವರ್ಷಗಟ್ಟಲೆ ಮಾದರಿಗಳ ಟ್ರಂಕಿನಲ್ಲಿ ಇತ್ತು. ಸತ್ತ ಹುಳುಗಳನ್ನು ತಿನ್ನಲಿಕ್ಕೆ ಜೀವಂತ ಹುಳುಗಳು ಬಾರದಿರಲಿ ಎಂದು ಆ ಟ್ರಂಕಿಗೆ ನಾವೇ ಬೊಗಸೆಗಟ್ಟಲೆ ಡಾಂಬರ ಗುಳಿಗೆ ಸುರಿಯುತ್ತಿದ್ದೆವು. ನಮ್ಮ ಬಟ್ಟೆ, ಕೈ, ತಲೆಗೂದಲು ಎಲ್ಲಕ್ಕೂ ಅದೇ ವಾಸನೆ. ಅದು ನಮಗೆ ವಾಸನೆಯಾಗಿ ಉಳಿದೇ ಇರಲಿಲ್ಲ.

"ಹುಳ ಬರಬಾರದು ಅಂತ ಗುಳಿಗಿ ಹಾಕಿ, ಅದರೊಳಗs ಕುಂಡ್ರಿಸಿ, ಹುಳ ಯಾಕ ಬರವಲ್ದು ಅಂತ ಕಾಯಲಿಕ್ಕೆ ಹತ್ತೀವಲ್ಲ ನೀಲಾ," ಎಂದರು. ಅವರು ತಲೆ ಚಚ್ಚಿಕೊಳ್ಳಲಿಲ್ಲ. ಸಣ್ಣಗೆ ನಗುತ್ತಿದ್ದರು. ಆಮೇಲೆ ಬಚ್ಚಲಿಗೆ ಹೋಗಿ ಸಬಕಾರ ಹಚ್ಚಿಕೊಂಡು ಕೈ ತೊಳೆದು, ಮತ್ತೊಮ್ಮೆ ಹೋಗಿ ತೊಳೆದು ಬಂದರು.

ಆ ದಿನ ಇಡೀ ಮಳೆ. ಚೀಲ ನೆನೆಯುತ್ತ ತೂಗಾಡಿತು. ನಾವು ಪಡಸಾಲೆಯಲ್ಲಿ ಕೂತು ಊರ ರೊಟ್ಟಿಯೆಲ್ಲ ತಿಂದೆವು.

ಪಂಚಮಿಯ ಬೆಳಿಗ್ಗೆ ಬಿಸಿಲು ಬಿತ್ತು. ಆ ದಿನ ನೆಲ ಅಗೆಯಬಾರದು, ಒಲೆಯ ಮೇಲೆ ರೊಟ್ಟಿಯ ಹಂಚು ಇಡಬಾರದು, ಯಾವ ಜೀವಕ್ಕೂ ನೋವು ಮಾಡಬಾರದು. ನಾಳೆ ಒಂದು ದಿನ ಬೇಲಿಯ ಹೊರಗೂ ಬೇಡ ಎಂದು ಗಂಗವ್ವ ಹಿಂದಿನ ಸಂಜೆಯೇ ಕೇಳಿಕೊಂಡಿದ್ದರು. ಸರ್ ಹೂಂ ಎಂದಿದ್ದರು. ಹುಣಸೆ ಮರಕ್ಕೆ ಜೋಕಾಲಿ ಕಟ್ಟಬೇಕಾಗಿದ್ದರಿಂದ ಜೀಪನ್ನು ಅಲ್ಲಿಂದ ಸರಿಸಿದ್ದರು. ಎಲ್ಲಿಗೆ ಸರಿಸಿದ್ದರು? ಇಲ್ಲಿ ನನ್ನ ನೆನಪು ಕೈಕೊಡುತ್ತದೆ. ಈರಣ್ಣ ಪಂಚಮಿಗೆ ತವರಿಗೆ ಬಂದ ತಂಗಿಯನ್ನು ನೋಡಲಿಕ್ಕೆ ಮುನವಳ್ಳಿಗೆ ಬಸ್ಸಿನಲ್ಲಿ ಹೋದನೋ, ಕಿತ್ತೂರಿನವರೆಗೆ ಜೀಪಿನಲ್ಲೇ ಹೋದನೋ, ಅದೂ ಗೊತ್ತಿಲ್ಲ.

ಹುತ್ತಕ್ಕೆ ಹಾಲೆರೆದು ಬಂದ ಹೆಂಗಸರು ನನ್ನನ್ನು ಜೋಕಾಲಿಗೆ ಹತ್ತಿಸಿದರು. ನಾನು ಬೇಡ ಎಂದೆ. ಓದಿದ ಹುಡುಗಿಗೆ ಕಾಲು ನಡುಗುತ್ತವೆ ಎಂದು ನಕ್ಕರು. ಹತ್ತಿದೆ. ಇಬ್ಬರು ಹಗ್ಗ ಹಿಡಿದು ಜೀಕಿದರು. ಜೋಕಾಲಿ ಮೇಲೇರಿದಾಗ ಬೇಲಿಯಾಚೆಯ ಅಂಗಳ ಕಾಣುತ್ತದೆ, ಕೆಳಗಿಳಿದಾಗ ಬರೀ ಬೇಲಿ. ಹಾಗಾಗಿ ನಾನು ಕಂಡದ್ದೆಲ್ಲ ತುಂಡು ತುಂಡು.

ಮೇಲೆ: ಸರ್ ಪೇರಲ ಗಿಡದ ಹತ್ತಿರ, ಕೈಯಲ್ಲಿ ಬಲೆ. ಚೀಲದ ಸುತ್ತ ಕರ್ರಗಿನದೊಂದು ಹೊಗೆಯ ಎಳೆಯಂತೆ ಗಿರಕಿ ಹೊಡೆಯುತ್ತಿದೆ.

ಕೆಳಗೆ: ಬೇಲಿ. ಬೇಲಿಯ ಮೇಲೆ ಒಣಗುತ್ತಿದ್ದ ನಮ್ಮ ಪರದೆ.

ಮೇಲೆ: ಬಲೆ ತಲೆಗಿಂತ ಎತ್ತರದಲ್ಲಿ. ಸರ್ ಕಲ್ಲಿನಂತೆ ನಿಂತಿದ್ದಾರೆ. ಆ ಕರ್ರಗಿನದು ಚೀಲದ ಮೇಲೆ ಕೂತಿದೆ. ಅವರು ಇಡೀ ಜೀವನ ಕಾದ ಗಂಡು.

ಕೆಳಗೆ: ಬೇಲಿ. ಆದರೆ ಬೇಲಿ ಮಾತನ್ನು ತಡೆಯುವುದಿಲ್ಲ. ಗಂಗವ್ವನ ದನಿ ನನಗೆ ಸ್ವಚ್ಛ ಕೇಳಿಸಿತು. ಅವಸರವಿರಲಿಲ್ಲ ಅದರಲ್ಲಿ. "ಬೀಗರು ಬಂದಾರ್ರಿ ಸರ್. ಹಬ್ಬದ ದಿನ ಬಂದವರು. ಉಂಡು ಹೋಗಲಿ ಬಿಡ್ರಿ."

ಮೇಲೆ: ಬಲೆ ನೆಲದ ಮೇಲೆ.

ಕೆಳಗೆ: ಸರ್ ದನಿ. "ಅದಕ್ಕ ಬಾಯಿನs ಇಲ್ರೀ ಗಂಗವ್ವಾರ."

ಜೋಕಾಲಿ ನಿಲ್ಲಿಸಿ ನಾನು ಇಳಿದು ಓಡಿ ಹೋಗುವಷ್ಟರಲ್ಲಿ ಗಂಡು ಹಾರಿಹೋಗಿತ್ತು. ಮಧ್ಯಾಹ್ನ ಮತ್ತೆ ಮಳೆ ಹಿಡಿಯಿತು. ಬೇರೆ ಗಂಡು ಬರಲಿಲ್ಲ.  ಸರ್ ಪಂಚಮಿಯ ಅಳ್ಳಿಟ್ಟಿನ ಉಂಡೆ ಎರಡು ಸಲ ಹಾಕಿಸಿಕೊಂಡು ಉಂಡರು. ಮರುದಿನ ಹೊರಡುವಾಗ ಚೀಲವನ್ನು ಬಿಚ್ಚಿಕೊಳ್ಳಲೇ ಎಂದು ಕೇಳಿದೆ. ಒಳಗೆ ತತ್ತಿ ಇರುತ್ತವೆ, ನಮ್ಮ ಬಾಟಲಿಗಳಲ್ಲಿ ಮರಿಗಳು ಬದುಕಿದ್ದನ್ನು ತಾವು ಕಂಡಿಲ್ಲ, ಇಲ್ಲೇ ಇರಲಿ ಎಂದರು. ದೀಪಾವಳಿಗೆ ನಿವೃತ್ತರಾಗಿ ರಾಮದುರ್ಗಕ್ಕೆ ಹೋದರು. ನಾನು ಪಾಠ ಹೇಳುವ ಕೆಲಸ ಸಿಕ್ಕಿ ರಾಯಚೂರಿಗೆ ಹೋದೆ.

ಮುಂದಿನ ಮಳೆಗಾಲದ ಸಂಗತಿ ನಾನು ಕಂಡದ್ದಲ್ಲ, ಈರಣ್ಣ ಹೇಳಿದ್ದು. ಗಂಗವ್ವ ಅವನ ಕೈಯಲ್ಲಿ ಸರ್‌ಗೆ ಹೇಳಿಕಳಿಸಿದ್ದರಂತೆ: "ನಿಮ್ಮ ಮಕ್ಕಳು ನನ್ನ ಪೇರಲ ಗಿಡಾ ಬೋಳ ಮಾಡ್ಯಾವ. ಒಂದ್ ಎಲಿ ಬಿಟ್ಟಿಲ್ಲ. ಬಂದು ಕರಕೊಂಡು ಹೋಗ್ರಿ." ಚೀಲದ ಹುಳು ಗಿಡಗಳಿಗೆ ಪೀಡೆ ಎಂದು ನಾವಿಬ್ಬರೂ ವಿದ್ಯಾರ್ಥಿಗಳಿಗೆ ಪಾಠ ಹೇಳುವವರು. ಅಂಗಳದ ಗಿಡಕ್ಕೆ ಅದನ್ನು ಬಿಟ್ಟು ಬಂದದ್ದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಸರ್ ಕೊಡೆ ಹಿಡಿದುಕೊಂಡು ಬಸ್ಸಿನಲ್ಲಿ ಹೋದರು. ಬೋಳು ಟೊಂಗೆಗಳಲ್ಲಿ ಜೋತುಬಿದ್ದ ಚೀಲಗಳನ್ನು ಬಿಡಿಸಿ, ಗಂಡುಗಳು ಹೊರಬರುವವರೆಗೆ ಆ ಮನೆಯಲ್ಲೇ ಉಳಿದು, ಬೇಲಿ ದಾಟಿ ಹುಣಸೆಯ ಕೆಳಗೆ ಹೋಗಿ ಅವನ್ನು ಬಾಟಲಿಗೆ ಹಾಕಿದರು. ರೆಕ್ಕೆಯ ಗೆರೆಗಳನ್ನು ನೋಡಿದ ಮೇಲೆ ತಿಳಿದದ್ದು, ಅದು ಹೊಸ ಜಾತಿಯಲ್ಲ ಎಂದು. ಬೇರೆ ಕಾಡಿನಲ್ಲಿ ಯಾರೋ ಎಂದೋ ಹೆಸರಿಟ್ಟದ್ದು. ನಮ್ಮ ಕಾಡಿನ ಹುಳು ಕಡ್ಡಿಗಳನ್ನು ಸುತ್ತಿಸಿ ಕಟ್ಟುತ್ತದೆ, ಅಷ್ಟೇ ವ್ಯತ್ಯಾಸ. ಫೋನಿನಲ್ಲಿ ಸರ್ ಇದನ್ನು ನನಗೆ ಹೇಳುವಾಗ ಅದೇ ಸಣ್ಣ ನಗೆ. "ಗಂಡು ಸಿಕ್ಕಿತು, ಹೆಸರು ಹೋತು ನೋಡವಾ."

ಎರಡು ಸಾವಿರದ ಈಚೆಗೆ ಒಮ್ಮೆ, ಅವ್ವನ ಕಪಾಟಿನ ವಾಸನೆ ಮೂಗಿಗೆ ಹೊಡೆದ ಮರುದಿನವೇ, ಬೈಲಹೊಂಗಲದಿಂದ ಬಸ್ಸು ಹತ್ತಿ ಆ ಹಳ್ಳಿಗೆ ಹೋದೆ. ಪೇರಲ ಗಿಡ ಬೇಲಿಗಿಂತ ಎತ್ತರವಾಗಿತ್ತು, ತುಂಬ ಎಲೆ. ಗಂಗವ್ವ ಮೊಮ್ಮಗಳ ಮಗುವಿಗೆ ಎಣ್ಣೆ ಹಚ್ಚುತ್ತಿದ್ದರು. ಆ ಪಂಚಮಿಯ ದಿನ ಬಾಟಲಿ ಎಲ್ಲಿತ್ತು ಎಂದು ಕೇಳಿದೆ. ಅವರು ಅನುಮಾನವೇ ಇಲ್ಲದೆ ಹೇಳಿದರು: "ಎಲ್ಲಿರತೈತಿ? ಜೀಪ್ ಇಲ್ಲೇ ಬೇಲಿ ಮಗ್ಗಲಕ್ಕs ನಿಂತಿತ್ತು. ಕೈ ಚಾಚಿದ್ರ ಸಿಗತಿತ್ತು. ಸರ್ ಮಾತಿಗೆ ತಪ್ಪಲಿಲ್ಲ ಬೇ."

ಮರುದಿನ ರಾಮದುರ್ಗಕ್ಕೆ ಹೋದೆ. ಸರ್ ಮಲಪ್ರಭೆಯ ದಂಡೆಯ ಕಡೆ ಸಂಜೆ ತಿರುಗಾಡಲಿಕ್ಕೆ ಹೊರಟಿದ್ದರು. ಜೊತೆಗೆ ನಡೆದೆ. ಅದೇ ಪ್ರಶ್ನೆ ಕೇಳಿದೆ. ಮಾತಿಗೆ ತಪ್ಪುವ ಪ್ರಶ್ನೆಯೇ ಬರಲಿಲ್ಲ, ಜೀಪನ್ನು ಈರಣ್ಣ ಕಿತ್ತೂರಿಗೆ ಒಯ್ದಿದ್ದ, ಬಾಟಲಿ ಅದರಲ್ಲಿ ಹೋಗಿತ್ತು ಎಂದರು. ಬಾಟಲಿಯಿಲ್ಲದೆ ಹಿಡಿದರೆ ಬಲೆಯಲ್ಲಿ ಬಡಿದುಕೊಂಡು ರೆಕ್ಕೆ ಪುಡಿಯಾಗುತ್ತಿತ್ತು, ಹಾಗಾಗಿ ಬಿಟ್ಟೆ, ಇದರಲ್ಲಿ ದೊಡ್ಡದೇನೂ ಇಲ್ಲ ಎಂದೂ ಹೇಳಿದರು. ಗಂಗವ್ವ ಬೇರೆಯೇ ಹೇಳುತ್ತಾರೆ ಎಂದೆ. 

"ಆಕಿ ಹೇಳಿದ್ದು ಛಂದ ಅದ. ನೀ ಬರಿಯೂದಾದ್ರ ಅದನ್ನs ಬರಿ," ಎಂದರು ಸರ್. "ಖರೇ ಕೇಳಿದ್ರ, ಬಾಟ್ಲಿ ಜೀಪಿನಾಗ ಹೋಗಿತ್ತು."

ಎರಡನ್ನೂ ಬರೆದಿದ್ದೇನೆ. ಯಾವುದು ನಿಜವೆಂದು ತೀರ್ಮಾನಿಸಲಿಕ್ಕೆ ನನ್ನಲ್ಲಿ ಏನೂ ಇಲ್ಲ. ಜೋಕಾಲಿಯಿಂದ ಜೀಪು ಕಾಣಲಿಲ್ಲ, ನಾನು ಆ ಕಡೆ ನೋಡಿರಲೂ ಇಲ್ಲ. ಆದರೆ ಕಂಡದ್ದು ಇನ್ನೊಂದಿದೆ. ಬಲೆ ನೆಲದ ಮೇಲಿದ್ದ ಆ ಸಲ, ಜೋಕಾಲಿ ಎಲ್ಲಕ್ಕಿಂತ ಮೇಲೇರಿದಾಗ, ಸರ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಚೀಲದತ್ತ ಬಾಗಿದ್ದರು. ಹಿಂದಿನ ದಿನದ ಮಳೆಗೆ ಅಂಗಳವೆಲ್ಲ ಕೆಸರು. ಆ ಕೆಸರಿನಲ್ಲಿ ಅವರು ಬರಿಗಾಲಲ್ಲಿ ನಿಂತಿದ್ದರು. ಬೂಟುಗಳು ಸ್ವಲ್ಪ ದೂರದಲ್ಲಿ, ಗುಡಿಯ ಹೊರಗೆ ಬಿಟ್ಟಂತೆ, ಒಂದರ ಪಕ್ಕ ಒಂದು.

ಅವನ್ನು ಯಾವಾಗ ಬಿಚ್ಚಿದ್ದರು, ಯಾಕೆ ಬಿಚ್ಚಿದ್ದರು ಎಂದು ನಾನು ಇಬ್ಬರನ್ನೂ ಕೇಳಿಲ್ಲ.